ಮಕ್ಕಳು, ಹಿರಿಯರೊಂದಿಗೆ ಮಡಿಕೇರಿ ದಸರಾ: ಕೊನೆಯ ರಾತ್ರಿಗಷ್ಟೇ ಬರಬೇಡಿ

ಮಡಿಕೇರಿ ದಸರಾ ಎಂದೊಡನೆ ಹೊರಗಿನ ಬಹುತೇಕರ ಮನಸ್ಸಿಗೆ ಬರುವುದು ವಿಜಯದಶಮಿಯ ರಾತ್ರಿ ಮಾತ್ರ. ಮೈಸೂರಿನಲ್ಲಿ ಜಂಬೂಸವಾರಿ ನೋಡಿ, ಸಂಜೆ ಕಾರು ಹತ್ತಿ, ಸುಮಾರು 120 ಕಿಲೋಮೀಟರ್ ದೂರದ ಮಡಿಕೇರಿಯನ್ನು ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ತಲುಪಿ, ಬೆಳಗಿನ ಜಾವದವರೆಗೆ ದಶಮಂಟಪಗಳ, ಅಂದರೆ ಊರಿನ ಹತ್ತು ದೇವಾಲಯಗಳವರು ಟ್ರ್ಯಾಕ್ಟರುಗಳ ಮೇಲೆ ಕಟ್ಟಿದ ಪುರಾಣಕಥೆಯ ಮಂಟಪಗಳ, ಶೋಭಾಯಾತ್ರೆಯಲ್ಲಿ ನಿಂತು, ಅಲ್ಲಿಂದಲೇ ಊರಿಗೆ ಮರಳುವುದು ಎಷ್ಟೋ ಮಂದಿಯ ರೂಢಿಯಾಗಿದೆ. ಹರೆಯದವರಿಗೆ ಅದು ಸರಿಹೋಗಬಹುದು. ಐದು ವರ್ಷದ ಮಗುವನ್ನೋ ಎಪ್ಪತ್ತು ದಾಟಿದ ಅಜ್ಜಿಯನ್ನೋ ಕರೆದುಕೊಂಡು ಹೀಗೆ ಬಂದವರಿಗೆ ಮಾತ್ರ ಹತ್ತು ದಿನಗಳ ಹಬ್ಬದಲ್ಲಿ ಅತ್ಯಂತ ಕಷ್ಟದ ಆರು ಗಂಟೆಗಳಷ್ಟೇ ದಕ್ಕುತ್ತವೆ. ಮಡಿಕೇರಿ ನನ್ನ ತವರು. ಮದುವೆಯಾಗಿ ಊರು ಬಿಟ್ಟ ಮೇಲೂ ದಸರೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ನಾನು ತಪ್ಪಿಸಿದ್ದು ಕಡಿಮೆ. ಸಂಸಾರಸಮೇತ ಬರುವವರಿಗೆ ಈ ಹಬ್ಬ ಒದಗಿ ಬರುವುದು ಪ್ರವಾಸಿಗರು ಲೆಕ್ಕಕ್ಕೇ ಹಿಡಿಯದ ಹೊತ್ತುಗಳಲ್ಲಿ, ಅಂದರೆ ಮೊದಲ ದಿನದ ಕರಗದಲ್ಲಿ, ಮಕ್ಕಳ ದಸರಾದ ಬೆಳಗಿನಲ್ಲಿ, ವಿಜಯದಶಮಿಯ ಸಂಜೆ ಮಂಟಪಗಳು ಇನ್ನೂ ಜೋಡಣೆಯಾಗುತ್ತಿರುವಾಗ, ಮತ್ತು ಮರುದಿನ ನಸುಕಿನಲ್ಲಿ. ಈ ಹೊತ್ತುಗಳನ್ನು ಹೇಗೆ ಹಿಡಿಯಬೇಕು, ನಡುರಾತ್ರಿಯನ್ನು ಎಷ್ಟು ನೋಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಇದು ಯಾವ ಹಬ್ಬ

ಮೈಸೂರಿನ ದಸರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇಲ್ಲಿನ ಕ್ರಮ ಮೊದಲು ಅರ್ಥವಾಗುವುದಿಲ್ಲ. ಇಲ್ಲಿ ಆನೆಯ ಮೇಲಿನ ಅಂಬಾರಿ ಇಲ್ಲ, ಅರಮನೆಯ ದರ್ಬಾರು ಇಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಡಿದಾಗ ಮಾರಿಯಮ್ಮನ ಮೊರೆಹೋಗಿ ಆರಂಭಿಸಿದ ಹಬ್ಬವಿದು ಎಂಬುದು ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಮಾತು. ಆದ್ದರಿಂದಲೇ ಹಬ್ಬದ ಆರಂಭ ಊರಿನ ನಾಲ್ಕು ಶಕ್ತಿದೇವತೆಗಳ ಕರಗಗಳಿಂದ ಆಗುತ್ತದೆ. ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ ಮತ್ತು ಕೋಟೆ ಮಾರಿಯಮ್ಮ ಇವೇ ಆ ನಾಲ್ಕು ದೇವಾಲಯಗಳು. ವಿಜಯದಶಮಿಯ ರಾತ್ರಿ ಹೊರಡುವ ಹತ್ತು ಮಂಟಪಗಳಲ್ಲಿ ನಾಲ್ಕು ಈ ದೇವಾಲಯಗಳವು. ಉಳಿದ ಆರು ಪೇಟೆ ಶ್ರೀರಾಮಮಂದಿರ, ದೇಚೂರು ಶ್ರೀರಾಮಮಂದಿರ, ಚೌಡೇಶ್ವರಿ, ಕೋದಂಡರಾಮ, ಕೋಟೆ ಮಹಾಗಣಪತಿ ಮತ್ತು ಕರವಲೆ ಭಗವತಿ ದೇವಾಲಯಗಳವು. ಮಕ್ಕಳೊಂದಿಗೆ ಬರುವವರು ಈ ಹತ್ತು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮಂಟಪವನ್ನು ಹೆಸರಿನಿಂದ ಗುರುತಿಸಲು ಕಲಿತ ಮಗುವಿಗೆ ರಾತ್ರಿಯ ಜನಜಂಗುಳಿಯಲ್ಲಿಯೂ ಹುಡುಕಲು ಏನೋ ಒಂದು ಇರುತ್ತದೆ, ಬೇಸರವೂ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಕೊಡವರ ಮುಖ್ಯ ಹಬ್ಬಗಳು ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ ಮತ್ತು ಪುತ್ತರಿ. ಮಡಿಕೇರಿ ದಸರಾ ಯಾವುದೋ ಒಂದು ಸಮುದಾಯದ ಹಬ್ಬವಲ್ಲ, ಊರಿನ ಹಬ್ಬ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು ಎಲ್ಲವೂ ಕಿವಿಗೆ ಬೀಳುವ ಬೀದಿಗಳಲ್ಲಿ ಅದು ನಡೆಯುತ್ತದೆ. ಕೊಡವ ಗಂಡಸರ ಸಾಂಪ್ರದಾಯಿಕ ಉಡುಪಾದ ಕುಪ್ಯ ಚೇಲೆ ತೊಟ್ಟ ಸಾವಿರಾರು ಜನರನ್ನು ಕಾಣಬಹುದೆಂದು ಎಣಿಸಿ ಬಂದವರಿಗೆ ನಿರಾಸೆಯಾಗುವುದುಂಟು. ಆ ನಿರೀಕ್ಷೆಯನ್ನು ಮನೆಯಲ್ಲಿಯೇ ಬಿಟ್ಟು ಬಂದರೆ ಇಲ್ಲಿ ಇರುವುದು ಚೆನ್ನಾಗಿ ಕಾಣುತ್ತದೆ.

ದಿನಗಳ ಆಯ್ಕೆ

ಚಾಂದ್ರಮಾನ ಪಂಚಾಂಗವನ್ನು ಅನುಸರಿಸುವುದರಿಂದ ದಸರೆಯ ದಿನಾಂಕ ಪ್ರತಿವರ್ಷವೂ ಸರಿಯುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ರಂದು, 2024ರಲ್ಲಿ ಅಕ್ಟೋಬರ್ 12ರಂದು, 2025ರಲ್ಲಿ ಅಕ್ಟೋಬರ್ 2ರಂದು ಬಂದಿತ್ತು. ಈ ಮೂರು ವಾರಗಳ ವ್ಯತ್ಯಾಸ ಗುಡ್ಡದ ಊರಿನಲ್ಲಿ ಸಣ್ಣದಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಮುಂಗಾರಿನ ಬಾಲ ಇನ್ನೂ ಕೊಡಗಿನಲ್ಲಿಯೇ ಇರುತ್ತದೆ. ಕೊನೆಯ ವಾರದಲ್ಲಿ ಹಿಂಗಾರಿನ ಸಂಜೆಮಳೆ ಗುಡುಗಿನೊಂದಿಗೆ ಬರುವುದುಂಟು. ಹಬ್ಬ ಬೇಗ ಬಂದ ವರ್ಷ ಛತ್ರಿ, ರೈನ್‌ಕೋಟುಗಳಿಲ್ಲದೆ ಹೊರಡಲೇಬಾರದು. ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವವೂ ಇರುವುದರಿಂದ, ದಸರೆ ಆ ದಿನಗಳ ಹತ್ತಿರ ಬಂದ ವರ್ಷ ಕೊಡಗಿನ ಬಸ್ಸು, ಕೋಣೆ, ರಸ್ತೆ ಎಲ್ಲದರ ಮೇಲೂ ಇಮ್ಮಡಿ ಒತ್ತಡವಿರುತ್ತದೆ ಎಂಬುದನ್ನೂ ಗಮನಿಸಬೇಕು.

ರಜೆ ಎರಡೇ ದಿನ ಇರುವವರು ವಿಜಯದಶಮಿಯನ್ನೇ ಹಿಡಿಯುವುದು ಸಹಜ. ನನ್ನನ್ನು ಕೇಳಿದರೆ, ಮಕ್ಕಳು ಎಂಟು ವರ್ಷಕ್ಕಿಂತ ಚಿಕ್ಕವರಾಗಿದ್ದರೆ ಕರಗ ಹೊರಡುವ ಮೊದಲ ದಿನವನ್ನೋ ಮಕ್ಕಳ ದಸರಾ ಇರುವ ದಿನವನ್ನೋ ಆರಿಸಿಕೊಂಡು, ಶೋಭಾಯಾತ್ರೆಯನ್ನು ಅವರು ದೊಡ್ಡವರಾದ ಮೇಲೆ ನೋಡಲು ಇಟ್ಟುಕೊಳ್ಳುವುದೇ ಲೇಸು. ಹೀಗೆ ಹೇಳಿದಾಗ ನನ್ನ ಅಣ್ಣ ಮೊದಲು ಒಪ್ಪಿರಲಿಲ್ಲ. ಅವನ ಮಗಳು ನಾಲ್ಕು ವರ್ಷದವಳಿದ್ದಾಗ ಶೋಭಾಯಾತ್ರೆಯ ನಡುವೆ ಪಟಾಕಿ ಮತ್ತು ಧ್ವನಿವರ್ಧಕಗಳ ಸದ್ದಿಗೆ ಬೆದರಿ ಅತ್ತಿಗೆಯ ಸೆರಗಿನೊಳಗೆ ಮುಖ ಹುದುಗಿಸಿಕೊಂಡು ಒಂದು ಗಂಟೆ ಅತ್ತಳು. ಜನ ಒತ್ತಿಕೊಂಡಿದ್ದರಿಂದ ಅಲ್ಲಿಂದ ಹೊರಬರಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಅದಾದ ಮೇಲೆ ಮೂರು ವರ್ಷ ಅವಳು ದಸರೆ ಎಂದರೆ ಬೇಡವೆನ್ನುತ್ತಿದ್ದಳು. ಮಗುವಿಗೆ ಹಬ್ಬದ ಮೊದಲ ನೆನಪು ಹೆದರಿಕೆಯದಾಗಬಾರದು.

ಕರಗದ ಸಂಜೆ

ಮಹಾಲಯ ಅಮಾವಾಸ್ಯೆಯ ಮರುದಿನ ಸಂಜೆ ಪಂಪಿನ ಕೆರೆಯ ಬಳಿ ನಾಲ್ಕು ಕರಗಗಳನ್ನು ಹೂವಿನಿಂದ ಅಲಂಕರಿಸಿ ಪೂಜಿಸಿ, ವ್ರತ ಹಿಡಿದವರು ತಲೆಯ ಮೇಲೆ ಹೊತ್ತು ನಗರ ಪ್ರದಕ್ಷಿಣೆಗೆ ಹೊರಡುತ್ತಾರೆ. ಇಡೀ ಹಬ್ಬದಲ್ಲಿ ಮನಸ್ಸನ್ನು ಅತ್ಯಂತ ಹತ್ತಿರದಿಂದ ತಟ್ಟುವ ಹೊತ್ತು ನನ್ನ ಮಟ್ಟಿಗೆ ಇದೇ. ವಿಜಯದಶಮಿಯಂದು ಸೇರುವ ಜನರಿಗೆ ಹೋಲಿಸಿದರೆ ಅಂದು ಬರುವವರು ಬಹಳ ಕಡಿಮೆ, ಊರಿನವರೇ ಹೆಚ್ಚು. ಮಗುವನ್ನು ಎತ್ತಿಕೊಂಡು ನಿಂತರೆ ಕರಗ ಕೆಲವೇ ಅಡಿಗಳ ದೂರದಲ್ಲಿ ಸಾಗುತ್ತದೆ. ವಾದ್ಯದ ಸದ್ದು ಇದ್ದರೂ ಅದು ಕಿವಿಗೆ ತಡೆಯುವಂಥದು.

ಕೆರೆಯ ಬಳಿಗೆ ಕತ್ತಲಾಗುವ ಮೊದಲೇ ತಲುಪಬೇಕು. ಸುತ್ತಲಿನ ದಾರಿ ಕಿರಿದು, ಇಳಿಜಾರೂ ಹೌದು. ಮಳೆ ಬಿದ್ದಿದ್ದರೆ ಪಾಚಿ ಜಾರುತ್ತದೆ. ಹಿರಿಯರನ್ನು ನೀರಿನ ಅಂಚಿಗೆ ಕರೆದೊಯ್ಯದೆ ಕರಗ ಹಾದುಹೋಗುವ ರಸ್ತೆಯ ಬದಿಯಲ್ಲಿ ಯಾವುದಾದರೂ ಮನೆಯ ಜಗುಲಿಯ ಹತ್ತಿರ ನಿಲ್ಲಿಸುವುದು ಸೂಕ್ತ. ಕೇಳಿಕೊಂಡರೆ ಒಂದು ಕುರ್ಚಿ ತಂದುಕೊಡದ ಮನೆ ಆ ಬೀದಿಗಳಲ್ಲಿ ಇಲ್ಲವೆಂದೇ ಹೇಳಬಹುದು. ಕರಗ ಹೊತ್ತವರನ್ನು ಮುಟ್ಟಬಾರದು, ಅವರ ದಾರಿಗೆ ಅಡ್ಡ ನಿಲ್ಲಬಾರದು, ಮುಖಕ್ಕೆ ಫ್ಲ್ಯಾಶ್ ಬೆಳಕು ಬಿಡಬಾರದು. ಹೊತ್ತವರ ಕಣ್ಣು ಕೋರೈಸಿದರೆ ಹೆಜ್ಜೆ ತಪ್ಪುತ್ತದೆ ಎಂಬ ಕಾರಣವನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟರೆ ಅವರು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಮುಂದಿನ ದಿನಗಳಲ್ಲಿ ಕರಗಗಳು ಬಡಾವಣೆಗಳ ಮನೆಮನೆಗೆ ಹೋಗುತ್ತವೆ. ಅಂಗಳ ಸಾರಿಸಿ, ರಂಗೋಲಿ ಹಾಕಿ, ಕರಗ ಹೊತ್ತವರ ಪಾದಕ್ಕೆ ನೀರೆರೆದು, ಆರತಿ ಎತ್ತಿ ಮನೆಯವರು ಬರಮಾಡಿಕೊಳ್ಳುತ್ತಾರೆ. ಊರಿನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ, ಅವರ ಬೀದಿಗೆ ಯಾವ ಕರಗ ಯಾವ ದಿನ ಬರುತ್ತದೆಂದು ವಿಚಾರಿಸಿಕೊಂಡು ಆ ದಿನ ಅವರ ಮನೆಯಲ್ಲಿರುವುದು ಉತ್ತಮ. ನನ್ನ ಮಕ್ಕಳು ದಸರೆಯನ್ನು ಅರಿತದ್ದು ಬೀದಿಯ ದೀಪಗಳಿಂದಲ್ಲ, ಅಮ್ಮ ಅಂಗಳದಲ್ಲಿ ಬಿಂದಿಗೆ ಹಿಡಿದು ಕಾಯುತ್ತಿದ್ದ ಆ ಸಂಜೆಗಳಿಂದ.

ಗಾಂಧಿ ಮೈದಾನದ ದಿನಗಳು

ಹಬ್ಬದ ಸಾಂಸ್ಕೃತಿಕ ಕಾರ್ಯಕ್ರಮಗಳು ಗಾಂಧಿ ಮೈದಾನದ ಕಲಾಸಂಭ್ರಮ ವೇದಿಕೆಯಲ್ಲಿ ನಡೆಯುತ್ತವೆ. ಮಕ್ಕಳ ದಸರಾ, ಮಹಿಳಾ ದಸರಾ, ಜಾನಪದ ದಸರಾ, ಯುವ ದಸರಾ, ಕವಿಗೋಷ್ಠಿ ಹೀಗೆ ಒಂದೊಂದು ದಿನಕ್ಕೆ ಒಂದೊಂದು ಬಗೆ. ಯಾವುದು ಯಾವ ದಿನ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹಬ್ಬಕ್ಕೆ ಕೆಲವು ದಿನ ಮೊದಲು ಹೊರಬೀಳುವ ಆಮಂತ್ರಣ ಪತ್ರಿಕೆಯನ್ನು ನೋಡಿಯೇ ದಿನ ಗೊತ್ತುಮಾಡಿಕೊಳ್ಳಬೇಕು.

ಮಕ್ಕಳ ದಸರಾ ನಿಮ್ಮ ಪಟ್ಟಿಯಲ್ಲಿ ಮೊದಲಿರಲಿ. ಅಂದು ಶಾಲಾ ಮಕ್ಕಳು ಮೈದಾನದಲ್ಲಿ ಸಂತೆ ಹೂಡುತ್ತಾರೆ: ಮನೆಯ ಹಿತ್ತಲಿನಿಂದ ತಂದ ಸೊಪ್ಪು, ಬಾಳೆಗೊನೆ, ನಿಂಬೆ, ಅಮ್ಮಂದಿರು ಮಾಡಿಕೊಟ್ಟ ತಿಂಡಿಗಳನ್ನು ಮುಂದಿಟ್ಟುಕೊಂಡು ಗಿರಾಕಿಗಳನ್ನು ಕೂಗಿ ಕರೆಯುತ್ತಾರೆ, ಚೌಕಾಸಿಗೂ ಸಿದ್ಧರಾಗಿರುತ್ತಾರೆ. ಛದ್ಮವೇಷ ಇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡವರ ದಶಮಂಟಪಗಳನ್ನು ಕಂಡು ಕಲಿತ ಮಕ್ಕಳು ರಟ್ಟು, ಬಿದಿರು, ಬಣ್ಣದ ಕಾಗದ, ಸಣ್ಣ ಮೋಟಾರುಗಳಿಂದ ತಮ್ಮದೇ ಪುಟ್ಟ ಮಂಟಪಗಳನ್ನು ಕಟ್ಟಿ ಸ್ಪರ್ಧೆಗೆ ತರುತ್ತಾರೆ. ರಾಕ್ಷಸನ ಕೈ ಏಳದೆ ಹೋದಾಗ ಒಬ್ಬ ಹುಡುಗ ಹಿಂದೆ ಅವಿತು ದಾರದಿಂದ ಎಳೆಯುವುದನ್ನು ನೋಡುತ್ತ ನನ್ನ ಮಗ ಎರಡು ಗಂಟೆ ಕಳೆದಿದ್ದಾನೆ. ಹೊರಗಿನಿಂದ ಬಂದ ಮಗು ಮಾತನಾಡಿಸಿದರೆ ಆ ಮಕ್ಕಳು ತಮ್ಮ ಮಂಟಪದ ಒಳಗನ್ನೆಲ್ಲ ತೆರೆದು ತೋರಿಸುತ್ತಾರೆ. ಚಿಲ್ಲರೆ ಹಣವನ್ನು ತಪ್ಪದೆ ಇಟ್ಟುಕೊಂಡು ಹೋಗಿ. ಮಕ್ಕಳ ಸಂತೆಯಲ್ಲಿ ನಿಮ್ಮ ಮಗುವೇ ಹತ್ತು ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟು ಕೊಳ್ಳುವಂತಾಗಲಿ.

ಆಯುಧಪೂಜೆಯ ದಿನ ಅಂಗಡಿಗಳು, ಬಸ್ಸುಗಳು, ಜೀಪುಗಳು ಬಾಳೆಕಂದು ಮತ್ತು ಹೂವಿನಿಂದ ಸಿಂಗಾರಗೊಳ್ಳುತ್ತವೆ. ವಾಹನಗಳ ಅಲಂಕಾರಕ್ಕೆ ಸ್ಪರ್ಧೆಯೂ ಉಂಟು. ಸಂಜೆ ಒಂದು ಸುತ್ತು ನಡೆದು ಬಂದರೆ ಸಾಕು.

ಮಕ್ಕಳ ದಸರಾದಂಥ ಹಗಲಿನವನ್ನು ಬಿಟ್ಟರೆ ಮೈದಾನದ ಕಾರ್ಯಕ್ರಮಗಳು ಸಂಜೆ ಆರಂಭವಾಗಿ ರಾತ್ರಿಯವರೆಗೆ ನಡೆಯುತ್ತವೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲಿದ್ದರೂ ಸೂರ್ಯ ಇಳಿದೊಡನೆ ಮಂಜು ಮೇಲೇರಿ ಗಾಳಿ ತಣ್ಣಗಾಗುತ್ತದೆ. ಒಂದು ದಪ್ಪ ಸ್ವೆಟರಿಗಿಂತ ತೆಳುವಾದ ಎರಡು ಮೂರು ಪದರಗಳ ಬಟ್ಟೆ ಉತ್ತಮ, ಏಕೆಂದರೆ ಜನರ ನಡುವೆ ಸೆಕೆಯಾಗುತ್ತದೆ, ಹೊರಗೆ ಬಂದೊಡನೆ ಚಳಿ ಹಿಡಿಯುತ್ತದೆ. ಮಕ್ಕಳ ಕಿವಿಗೆ ಟೋಪಿ ಇರಲಿ, ಕಾಲಿಗೆ ಜಾರದ ಶೂ ಇರಲಿ, ಒದ್ದೆಯಾದರೆ ಬದಲಿಸಲು ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ನೆಲದ ಮೇಲೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ ಮತ್ತು ಹಳೆಯ ಬೆಡ್‌ಶೀಟ್ ಇದ್ದರೆ ಕುರ್ಚಿ ಸಿಗದಿದ್ದಾಗ ನಿಶ್ಚಿಂತೆಯಿಂದ ಕೂರಬಹುದು.

ತಲುಪುವುದು, ತಂಗುವುದು

ಕೊಡಗಿನಲ್ಲಿ ರೈಲು ಇಲ್ಲ. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್, ಮಂಗಳೂರಿನಿಂದ ಸುಮಾರು 140 ಕಿಲೋಮೀಟರ್ ದೂರವನ್ನು ರಸ್ತೆಯಲ್ಲಿಯೇ ಕ್ರಮಿಸಬೇಕು. ರೈಲಿನಲ್ಲಿ ಬರುವವರಿಗೆ ಮೈಸೂರಿನಲ್ಲಿಳಿದು ಕೆಎಸ್‌ಆರ್‌ಟಿಸಿ ಬಸ್ಸು ಹಿಡಿಯುವುದು ಅನುಕೂಲಕರ. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಮಾರ್ಗದ ರಾಷ್ಟ್ರೀಯ ಹೆದ್ದಾರಿ 275 ಮಡಿಕೇರಿಯನ್ನು ದಾಟಿ ಸಂಪಾಜೆ ಘಾಟಿಯ ಮೂಲಕ ಕರಾವಳಿಗೆ ಇಳಿಯುತ್ತದೆ. ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಸಾಮಾನ್ಯ; ಹೊಟ್ಟೆ ಬಿರಿಯುವಷ್ಟು ತಿನ್ನಿಸಿ ಹೊರಡಬಾರದು, ಕೈಗೆ ಮೊಬೈಲು ಕೊಟ್ಟು ಕೂರಿಸಬಾರದು, ಕಿಟಕಿಯಿಂದ ದೂರದ ಗುಡ್ಡವನ್ನು ನೋಡಲು ಹೇಳಬೇಕು.

ವಿಜಯದಶಮಿಗೆ ಬರುವುದಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲೇ ಊರಿನೊಳಗಿರಬೇಕು ಎಂಬುದು ನನ್ನ ಒತ್ತಾಯದ ಸಲಹೆ. ಸಂಜೆಯಿಂದ ಪೊಲೀಸರು ಪಟ್ಟಣದ ಒಳರಸ್ತೆಗಳಲ್ಲಿ ವಾಹನಗಳನ್ನು ತಡೆದು ಹೊರವಲಯದ ನಿಲುಗಡೆಗಳಿಗೆ ಕಳಿಸುತ್ತಾರೆ. ಅಲ್ಲಿಂದ ಏರುಹಾದಿಯಲ್ಲಿ, ಕತ್ತಲಿನಲ್ಲಿ, ಮಗುವನ್ನು ಹೊತ್ತು ನಡೆಯಬೇಕಾದ ದೂರ ಸಣ್ಣದಲ್ಲ. ಮೈಸೂರಿನ ಜಂಬೂಸವಾರಿಯನ್ನೂ ಅದೇ ದಿನ ನೋಡುವ ಆಸೆಯನ್ನು ಮಕ್ಕಳಿರುವವರು ಬಿಟ್ಟುಬಿಡಬೇಕು. ಗೋಣಿಕೊಪ್ಪದಲ್ಲೂ ಅದೇ ರಾತ್ರಿ ಮಂಟಪಗಳ ಶೋಭಾಯಾತ್ರೆ ನಡೆಯುತ್ತದೆ. ಎರಡನ್ನೂ ಒಂದೇ ರಾತ್ರಿಯಲ್ಲಿ ಮುಗಿಸಲು ಹೊರಟವರು ಎರಡನ್ನೂ ಸರಿಯಾಗಿ ನೋಡುವುದಿಲ್ಲ.

ಕೋಣೆಯನ್ನು ಎರಡು ತಿಂಗಳು ಮೊದಲೇ ಕಾದಿರಿಸಬೇಕು. ಕಾದಿರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಬಾಡಿಗೆಯದಲ್ಲ: ಶೋಭಾಯಾತ್ರೆ ಸಾಗುವ ಬೀದಿಯಿಂದ ಕೋಣೆ ಎಷ್ಟು ದೂರವಿದೆ, ನಡೆದು ಬರಲು ಸಾಧ್ಯವೇ ಎಂದು ಕೇಳಬೇಕು. ಮುಖ್ಯ ಬೀದಿಯ ಮೇಲಿನ ಕೋಣೆಯಲ್ಲಿ ಮಗುವಿಗೆ ಮುಂಜಾನೆಯವರೆಗೆ ನಿದ್ರೆ ಬಾರದು, ಹತ್ತು ಕಿಲೋಮೀಟರ್ ಆಚೆಯ ಎಸ್ಟೇಟಿನ ಹೋಂಸ್ಟೇಗೆ ನಡುರಾತ್ರಿ ಮರಳಲು ವಾಹನ ಸಿಗದು. ಹದಿನೈದು ಇಪ್ಪತ್ತು ನಿಮಿಷ ನಡೆದು ಸೇರುವಂಥ, ಗುಡ್ಡದ ಇನ್ನೊಂದು ಮಗ್ಗುಲಿನ ಮನೆ ಸಿಕ್ಕರೆ ಅದೇ ಉತ್ತಮ. ಮಡಿಕೇರಿಯಲ್ಲಿ ಏನೂ ಸಿಗದಿದ್ದರೆ 30 ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ತಂಗಬಹುದು. ಆಗ ಸಂಜೆಯ ಭಾಗವನ್ನಷ್ಟೇ ನೋಡಿ ರಾತ್ರಿ ಒಂಬತ್ತರೊಳಗೆ ಹೊರಡುವ ನಿರ್ಧಾರವನ್ನು ಮೊದಲೇ ಮಾಡಿಕೊಂಡಿರಬೇಕು.

ವಿಜಯದಶಮಿ: ಸಂಜೆಯಿಂದ ನಸುಕಿನವರೆಗೆ

ಅಂದು ಮಧ್ಯಾಹ್ನ ಊಟವಾದ ಮೇಲೆ ಮಕ್ಕಳನ್ನು ಎರಡು ಮೂರು ಗಂಟೆ ಮಲಗಿಸಿ. ರಾಜಾಸೀಟು, ಅಬ್ಬಿ ಜಲಪಾತ, ಕೋಟೆ ಎಲ್ಲವನ್ನೂ ಆ ದಿನವೇ ನೋಡಿಸಲು ಹೋದವರ ಮಕ್ಕಳು ರಾತ್ರಿ ಎಂಟಕ್ಕೇ ಹೆಗಲ ಮೇಲೆ ತೂಕಡಿಸುತ್ತಿರುತ್ತಾರೆ. ದೊಡ್ಡವರೂ ಮಲಗಬೇಕು, ರಾತ್ರಿ ಮಗುವಿನ ಕೈ ಹಿಡಿದಿರಬೇಕಾದವರು ನೀವು.

ಸಂಜೆ ಐದರ ಹೊತ್ತಿಗೆ ಎದ್ದು ಮಂಟಪಗಳು ಸಿದ್ಧವಾಗುತ್ತಿರುವ ಜಾಗಗಳಿಗೆ ಹೋಗಿ. ಒಂದೊಂದು ಮಂಟಪವೂ ಪುರಾಣದ ಒಂದು ಪ್ರಸಂಗವನ್ನು ಹೇಳುತ್ತದೆ: ದೇವಿಯಿಂದ ಅಸುರನ ಸಂಹಾರ, ಶಿವನ ಅಥವಾ ಗಣಪತಿಯ ಕಥೆ, ರಾಮಾಯಣದ ಒಂದು ಕಾಳಗ. ಟ್ರ್ಯಾಕ್ಟರುಗಳ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ, ಆಳೆತ್ತರಕ್ಕಿಂತ ದೊಡ್ಡ ಕಲಾಕೃತಿಗಳನ್ನು ನಿಲ್ಲಿಸಿ, ಅವು ಕೈಯೆತ್ತುವಂತೆ, ಬಾಯಿ ತೆರೆಯುವಂತೆ, ಮೇಲೇರಿ ಇಳಿಯುವಂತೆ ಯಂತ್ರಗಳನ್ನು ಅಳವಡಿಸಿರುತ್ತಾರೆ. ಹಿಂದೆ ಎತ್ತರದ ಲೈಟಿಂಗ್ ಬೋರ್ಡ್, ಜೊತೆಗೆ ಕಥೆಯ ಸಂಭಾಷಣೆ ಬಿತ್ತರಿಸುವ ಧ್ವನಿವರ್ಧಕಗಳು. ಪ್ರತಿಯೊಂದು ದೇವಾಲಯದ ಸಮಿತಿಯೂ ತಿಂಗಳುಗಟ್ಟಲೆ ದುಡಿದು, ಲಕ್ಷಾಂತರ ರೂಪಾಯಿ ವ್ಯಯಿಸಿ ಇದನ್ನು ರೂಪಿಸುತ್ತದೆ. ತೀರ್ಪುಗಾರರು ನೋಡಿ ಬಹುಮಾನ ನೀಡುವುದರಿಂದ ಪೈಪೋಟಿಯೂ ಬಲವಾಗಿರುತ್ತದೆ. ಮಗುವಿಗೆ ಬೇಕಾದದ್ದು ಸಂಜೆಯ ಈ ಹೊತ್ತಿನಲ್ಲಿಯೇ ಇದೆ. ಬೆಳಕಿರುವಾಗ ರಾಕ್ಷಸನ ತಲೆ ಇನ್ನೂ ನೆಲದ ಮೇಲಿರುತ್ತದೆ, ಬಣ್ಣ ಬಳಿಯುವವರು ಕೊನೆಯ ಕುಂಚ ಆಡಿಸುತ್ತಿರುತ್ತಾರೆ, ವೆಲ್ಡಿಂಗಿನವರು ಚೌಕಟ್ಟಿನ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿರುತ್ತಾರೆ. ಹಗಲಿನಲ್ಲಿ ಬಿಡಿಬಿಡಿಯಾಗಿ ಕಂಡ ಆ ರಾಕ್ಷಸ ರಾತ್ರಿ ಕಣ್ಣು ಕೆಂಪಗೆ ಮಾಡಿ ಗರ್ಜಿಸಿದಾಗ, ಒಳಗಿನ ಯಂತ್ರವನ್ನು ಕಂಡಿರುವ ಮಗು ಹೆದರುವುದಿಲ್ಲ. ಬೆರಳು ತೋರಿಸಿ ನಗುತ್ತದೆ. ಕೆಲಸ ಮಾಡುವವರಿಗೆ ಅಡ್ಡಿಯಾಗದಂತೆ, ವಿದ್ಯುತ್ ತಂತಿ ಮತ್ತು ಜನರೇಟರುಗಳಿಂದ ದೂರ ನಿಂತು ನೋಡಬೇಕೆಂಬುದು ಹೇಳಬೇಕಾಗಿಲ್ಲ. ದೇಚೂರು, ಮಹದೇವಪೇಟೆ, ಕೋಟೆಯ ಸುತ್ತಮುತ್ತ ನಡೆದಾಡಿದರೆ ಎರಡು ಗಂಟೆಯಲ್ಲಿ ಮೂರು ನಾಲ್ಕು ಮಂಟಪಗಳನ್ನು ನೋಡಬಹುದು. ಹತ್ತನ್ನೂ ನೋಡುವ ಹಟ ಬೇಡ.

ರಾತ್ರಿಯ ಊಟವನ್ನು ಏಳೂವರೆಯೊಳಗೆ ಮುಗಿಸಿಬಿಡಿ. ಅನಂತರ ಹೋಟೆಲುಗಳಲ್ಲಿ ಸರದಿ ಬೆಳೆಯುತ್ತದೆ, ಹೊತ್ತು ಮೀರಿದಂತೆ ಅಡುಗೆಯೂ ಮುಗಿಯುತ್ತದೆ. ಬೀದಿಯಲ್ಲಿ ಚರುಮುರಿ, ಬೇಯಿಸಿದ ಜೋಳ, ಕಡಲೆಕಾಯಿ, ಗೋಬಿ ಮಂಚೂರಿ ಧಾರಾಳವಾಗಿ ಸಿಗುತ್ತವೆ. ಚಿಕ್ಕ ಮಕ್ಕಳಿಗೆ ಅವುಗಳಲ್ಲಿ ಬಿಸಿ ಜೋಳವೇ ನಂಬಿಕೆಯದು. ಕಡಂಬಟ್ಟು, ನೂಪುಟ್ಟು, ಅಕ್ಕಿ ರೊಟ್ಟಿಯಂಥ ಇಲ್ಲಿನ ಅಡುಗೆ ಉಣ್ಣುವ ಆಸೆಯಿದ್ದರೆ ಅದನ್ನು ಮಧ್ಯಾಹ್ನಕ್ಕೋ ಮರುದಿನಕ್ಕೋ ಇಟ್ಟುಕೊಳ್ಳಿ. ಮನೆಯಿಂದ ಬಾಟಲಿಯಲ್ಲಿ ನೀರು, ಫ್ಲಾಸ್ಕಿನಲ್ಲಿ ಬಿಸಿ ಹಾಲು ಒಯ್ಯಿರಿ. ಶೌಚಾಲಯದ ತೊಂದರೆಯನ್ನು ಮುಚ್ಚಿಡಲಾಗದು: ಅಷ್ಟು ಜನಕ್ಕೆ ಇರುವ ವ್ಯವಸ್ಥೆ ಸಾಲದು, ಹೆಂಗಸರು ಮತ್ತು ಹಿರಿಯರು ಬಹಳ ಕಷ್ಟಪಡುತ್ತಾರೆ. ನಡೆದು ಹೋಗುವಷ್ಟು ಹತ್ತಿರ ಕೋಣೆ ಬೇಕೆಂದು ನಾನು ಇಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ.

ಮಂಟಪಗಳು ತಮ್ಮ ಜಾಗ ಬಿಟ್ಟು ಮುಖ್ಯ ಬೀದಿಗಳಿಗೆ ಬಂದು ಕಥೆಯನ್ನು ಪೂರ್ಣವಾಗಿ ಪ್ರದರ್ಶಿಸುವುದು ರಾತ್ರಿ ಬಹಳ ಹೊತ್ತಾದ ಮೇಲೆ. ಯಾವ ಮಂಟಪ ಎಲ್ಲಿ, ಸುಮಾರು ಎಷ್ಟು ಹೊತ್ತಿಗೆ ಪ್ರದರ್ಶನ ನೀಡುತ್ತದೆ ಎಂಬುದನ್ನು, ಅದರ ಕಥಾಸಾರದೊಂದಿಗೆ, ಸ್ಥಳೀಯ ಪತ್ರಿಕೆಗಳು ಹಬ್ಬದ ಹೊತ್ತಿಗೆ ಪ್ರಕಟಿಸುತ್ತವೆ. ಬೆಳಿಗ್ಗೆಯೇ ಒಂದು ಪತ್ರಿಕೆ ಕೊಂಡು ಕಥೆಗಳನ್ನು ಮಕ್ಕಳಿಗೆ ಓದಿ ಹೇಳಿ. ಕಥೆ ಗೊತ್ತಿಲ್ಲದೆ ನೋಡಿದವರಿಗೆ ಮಂಟಪ ಬರಿಯ ಬೆಳಕು ಮತ್ತು ಹೊಗೆಯಾಗಿ ಕಾಣುತ್ತದೆ. ಹೇಳಿದ ಹೊತ್ತಿಗಿಂತ ಒಂದೆರಡು ಗಂಟೆ ತಡವಾಗುವುದು ಸಾಮಾನ್ಯವಾದುದರಿಂದ, ಹತ್ತು ವರ್ಷ ದಾಟಿದ ಮಕ್ಕಳೊಂದಿಗೆ ಒಂದೋ ಎರಡೋ ಪ್ರದರ್ಶನ ನೋಡಿ ಕೋಣೆಗೆ ಮರಳುವ ಲೆಕ್ಕ ಹಾಕಿಕೊಳ್ಳಿ.

ನಿಲ್ಲುವ ಜಾಗದ ಆಯ್ಕೆ ಮುಖ್ಯವಾದುದು. ವೃತ್ತಗಳ ನಡುವೆ, ಇಳಿಜಾರಿನ ಕೆಳತುದಿಯಲ್ಲಿ, ಎರಡೂ ಬದಿ ಅಂಗಡಿಗಳಿರುವ ಕಿರಿದಾದ ಬೀದಿಯಲ್ಲಿ ಮಕ್ಕಳೊಂದಿಗೆ ನಿಲ್ಲಬೇಡಿ. ಜನ ಹಿಂದಿನಿಂದ ಒತ್ತಿದಾಗ ಅಲ್ಲಿ ಸರಿಯಲು ದಾರಿಯಿರುವುದಿಲ್ಲ. ಅಡ್ಡರಸ್ತೆಯೊಂದು ಕೂಡುವ ಮೂಲೆಯಲ್ಲಿ, ಮೆಟ್ಟಿಲು ಅಥವಾ ಎತ್ತರದ ಜಗುಲಿಯ ಮೇಲೆ, ಹಿಂದಕ್ಕೆ ಹೊರಹೋಗುವ ದಾರಿಯನ್ನು ಇಟ್ಟುಕೊಂಡು ನಿಲ್ಲಬೇಕು. ಆ ಅಡ್ಡರಸ್ತೆಯನ್ನು ಹಗಲಿನಲ್ಲಿಯೇ ಒಮ್ಮೆ ನಡೆದು ನೋಡಿ, ಎಲ್ಲಿ ಹೋಗಿ ಸೇರುತ್ತದೆಂದು ತಿಳಿದಿರಿ.

ಧ್ವನಿಯ ವಿಷಯದಲ್ಲಿ ನಾನು ಖಚಿತವಾಗಿಯೇ ಮಾತನಾಡುತ್ತೇನೆ, ಏಕೆಂದರೆ ಹಬ್ಬದ ಮೇಲಿನ ಪ್ರೀತಿಯಿಂದಲೇ ಇದನ್ನು ಹೇಳಬೇಕಾಗಿದೆ. 85 ಡೆಸಿಬೆಲ್ ಸದ್ದನ್ನು ದೊಡ್ಡವರು ಎಂಟು ಗಂಟೆಯವರೆಗೆ ತಾಳಬಹುದೆಂದು ಶ್ರವಣಸುರಕ್ಷೆಯ ಲೆಕ್ಕ; ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಆ ಲೆಕ್ಕದಂತೆ 100 ಡೆಸಿಬೆಲ್ಲಿನಲ್ಲಿ ಉಳಿಯುವುದು ಹದಿನೈದು ನಿಮಿಷ ಮಾತ್ರ. ಧ್ವನಿವರ್ಧಕಗಳ ಮುಂದೆ ನಿಂತಾಗ ಎದೆ ನಡುಗುವಂಥ ಸದ್ದು ಅದಕ್ಕೆ ಕಡಿಮೆಯಿರುವುದಿಲ್ಲ. ಹತ್ತಿ ತುರುಕಿದರೆ ಹೆಚ್ಚು ಉಪಯೋಗವಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ, ಮಕ್ಕಳಿಗೆಂದೇ ಮಾಡಿದ ಇಯರ್‌ಮಫ್ ಕೊಂಡುಕೊಳ್ಳಿ. ಅದಿಲ್ಲದೆ ಹಸುಗೂಸುಗಳನ್ನು ಶೋಭಾಯಾತ್ರೆಯ ಹತ್ತಿರಕ್ಕೂ ತರಬಾರದು. ಧ್ವನಿವರ್ಧಕಗಳು ಮುಖಮಾಡಿರುವ ದಿಕ್ಕನ್ನು ಬಿಟ್ಟು ಬದಿಗೆ, ದೂರದಲ್ಲಿ ನಿಂತರೆ ಚಲನವಲನವೂ ಕಾಣುತ್ತದೆ, ಕಿವಿಯೂ ಉಳಿಯುತ್ತದೆ. ಹೃದ್ರೋಗವಿರುವ ಹಿರಿಯರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಜನಸಂದಣಿಯಲ್ಲಿ ಮೊಬೈಲ್ ಜಾಲ ಸರಿಯಾಗಿ ಸಿಗುವುದಿಲ್ಲ, ಕರೆ ಹೋಗುವುದೇ ಕಷ್ಟ. ಆದ್ದರಿಂದ ಬೇರ್ಪಟ್ಟರೆ ಎಲ್ಲಿ ಸೇರಬೇಕೆಂಬುದನ್ನು ಮೊದಲೇ ನಿಶ್ಚಯಿಸಿ ಆ ಜಾಗವನ್ನು ಮಗುವಿಗೆ ಹಗಲಿನಲ್ಲಿ ತೋರಿಸಿರಬೇಕು. ಮಗುವಿನ ಅಂಗಿಯ ಒಳಜೇಬಿನಲ್ಲಿ ಇಬ್ಬರು ದೊಡ್ಡವರ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ. ಹೊರಡುವ ಮೊದಲು, ಅಂದಿನ ಬಟ್ಟೆಯಲ್ಲೇ ಮಗುವಿನ ಒಂದು ಚಿತ್ರ ತೆಗೆದುಕೊಳ್ಳಿ. ನನ್ನ ಮಗ ಆರು ವರ್ಷದವನಿದ್ದಾಗ ಬಲೂನಿನ ಹಿಂದೆ ಹೋಗಿ ಏಳೆಂಟು ನಿಮಿಷ ಕಾಣದಾದ. ಪೊಲೀಸರೊಬ್ಬರು ಅವನ ಅಂಗಿ ಯಾವ ಬಣ್ಣದ್ದೆಂದು ಕೇಳಿದಾಗ ನನ್ನ ಬಾಯಿಂದ ಉತ್ತರವೇ ಹೊರಡಲಿಲ್ಲ. ಅವನು ಹತ್ತಿರದ ಔಷಧ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ, ಏಕೆಂದರೆ ಬೇರ್ಪಟ್ಟರೆ ಅಲ್ಲಿಯೇ ಕೂರಬೇಕೆಂದು ನಮ್ಮ ಅಣ್ಣ ಸಂಜೆ ಅವನಿಗೆ ತೋರಿಸಿಕೊಟ್ಟಿದ್ದ. ತುರ್ತಿಗೆ 112, ಮಕ್ಕಳ ಸಹಾಯವಾಣಿಗೆ 1098 ಸಂಖ್ಯೆಗಳನ್ನು ಎಲ್ಲರೂ ನೆನಪಿಟ್ಟುಕೊಂಡಿರಬೇಕು. ದಿನವೂ ಔಷಧ ತೆಗೆದುಕೊಳ್ಳುವವರು ಎರಡು ದಿನಕ್ಕೆ ಹೆಚ್ಚಾಗಿಯೇ ತಂದಿರಲಿ. ಮಳೆಗೆ ರಸ್ತೆ ಕೈಕೊಟ್ಟರೆ ಹೊರಡುವುದು ಒಂದು ದಿನ ಮುಂದಕ್ಕೆ ಹೋಗಬಹುದು. 2018ರ ಆಗಸ್ಟಿನ ಭೂಕುಸಿತಗಳ ಬಳಿಕ ಆ ವರ್ಷದ ದಸರೆಯನ್ನು ಸರಳವಾಗಿ ಆಚರಿಸಿದ್ದನ್ನು ಕಂಡವರಿಗೆ ಈ ಮಾತು ಅತಿಯೆನಿಸದು.

ಇನ್ನು ನಸುಕು. ರಾತ್ರಿ ಹನ್ನೊಂದಕ್ಕೆ ಮಲಗಿದ ಮಕ್ಕಳನ್ನು ಮರುದಿನ ಬೆಳಗಿನ ಜಾವ ಎಬ್ಬಿಸಿ ಕರೆತನ್ನಿ. ರಾತ್ರಿಯ ಜನರಲ್ಲಿ ಬಹುಪಾಲು ಕರಗಿಹೋಗಿ ಬೀದಿಗಳಲ್ಲಿ ಜಾಗವಿರುತ್ತದೆ. ಮಂಜಿನ ನಡುವೆ ಮಂಟಪಗಳ ದೀಪಗಳು ಮಸುಕಾಗಿ ಉರಿಯುತ್ತಿರುತ್ತವೆ, ಅವುಗಳ ಮುಂದೆ ನಿದ್ದೆಗೆಟ್ಟ ಹುಡುಗರು ಇನ್ನೂ ಕುಣಿಯುತ್ತಿರುತ್ತಾರೆ. ಬನ್ನಿ ಕಡಿಯುವುದರೊಂದಿಗೆ ಹಬ್ಬಕ್ಕೆ ತೆರೆ ಬೀಳುತ್ತದೆ. ಇಡೀ ರಾತ್ರಿ ನಿಂತವರಿಗೆ ಆ ಹೊತ್ತಿನಲ್ಲಿ ಕಣ್ಣು ತೆರೆಯುವ ತ್ರಾಣವೂ ಇರುವುದಿಲ್ಲ. ಮಲಗಿ ಎದ್ದು ಬಂದ ಮಗು ಮಾತ್ರ ಒಂದೊಂದು ಮಂಟಪದ ಬಳಿಯೂ ನಿಂತು, ಸದ್ದಿಲ್ಲದ ಆ ದೊಡ್ಡ ಬೊಂಬೆಗಳನ್ನು ಬೇಕಾದಷ್ಟು ಹೊತ್ತು ನೋಡಬಹುದು.

ಹೊರಡುವ ದಿನ

ಆ ದಿನ ಬೆಳಿಗ್ಗೆ ಹೊರಡುವ ಅವಸರ ಮಾಡಬಾರದು. ರಾತ್ರಿಯಿಡೀ ಎಚ್ಚರವಿದ್ದು ನೇರವಾಗಿ ಚಾಲಕನ ಸೀಟಿನಲ್ಲಿ ಕೂರುವವರು ಆ ಮುಂಜಾನೆ ರಸ್ತೆಯ ತುಂಬ ಇರುತ್ತಾರೆ, ಸಂಪಾಜೆ ಘಾಟಿಯಲ್ಲಿ ಮಂಜೂ ಇರುತ್ತದೆ. ನಿಮ್ಮ ಚಾಲಕರು ನಿದ್ರೆಗೆಟ್ಟಿದ್ದರೆ ಕನಿಷ್ಠ ಆರು ಗಂಟೆ ಮಲಗಿ ಎದ್ದ ಮೇಲೆಯೇ ಗಾಡಿ ಮುಟ್ಟಲಿ. ಬಾಡಿಗೆ ಕಾರಿನಲ್ಲಿ ಬಂದವರು ಚಾಲಕರಿಗೆ ಮಲಗಲು ಒಂದು ಜಾಗವನ್ನು ಕೋಣೆ ಕಾದಿರಿಸುವಾಗಲೇ ಕೇಳಿ ಇಟ್ಟಿರಬೇಕು. ಅಲ್ಲಿಯವರೆಗೆ ಮಕ್ಕಳನ್ನು ಓಂಕಾರೇಶ್ವರ ದೇವಸ್ಥಾನಕ್ಕೆ ಕರೆದೊಯ್ಯಬಹುದು. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಆ ಗುಡಿಯ ಎದುರಿನ ಕೊಳದಲ್ಲಿ ಮೀನುಗಳಿವೆ. ಹಿಂದಿನ ರಾತ್ರಿಯ ಗದ್ದಲದ ನಂತರ ಕೊಳದ ಮೆಟ್ಟಿಲುಗಳ ಬಳಿ ಅಜ್ಜ ಅಜ್ಜಿಯರಿಗೂ ಒಂದಿಷ್ಟು ಹೊತ್ತು ಸುಮ್ಮನೆ ಕೂರಲು ಆಗುತ್ತದೆ. ಮಧ್ಯಾಹ್ನ ಊಟ ಮುಗಿಸಿ, ಮಂಜು ಕರಗಿ ದಾರಿ ತಿಳಿಯಾದ ಮೇಲೆ ಹೊರಟರೆ ಕತ್ತಲಾಗುವ ಮೊದಲು ಮೈಸೂರನ್ನೋ ಮಂಗಳೂರನ್ನೋ ತಲುಪುತ್ತೀರಿ.